ಲೇಹ್‌ನಲ್ಲಿ ನನ್ನ ಕೂದಲು ಅಜ್ಜನ ಗಡ್ಡವಾಯಿತು

ಉಡುಪಿಯಲ್ಲಿ ಹುಟ್ಟಿ ಬೆಳೆದವಳಿಗೆ ಕೂದಲಿನ ಕಷ್ಟ ಅಂದರೆ ಬೆವರು. ಮಧ್ಯಾಹ್ನದ ಹೊತ್ತಿಗೆ ಹಣೆಗೆ, ಕುತ್ತಿಗೆಗೆ ಅಂಟಿಕೊಂಡು ಕೂತುಬಿಡುತ್ತದೆ. ಕೂದಲು ಮಾತು ಕೇಳದೆ ಹಾರುವುದನ್ನು ನಾನು ನೋಡಿದ್ದು ಅಕ್ಕನ ಜೊತೆ ಲಡಾಖಿಗೆ ಹೋದಾಗಲೇ. ಸೆಪ್ಟೆಂಬರ್ ಕೊನೆಯ ವಾರ, ಎಂಟು ದಿನದ ಪ್ರವಾಸ.

ಲೇಹ್‌ನಲ್ಲಿ ಮೊದಲ ರಾತ್ರಿ. ಲೈಟ್ ಆರಿಸಿ ಸ್ವೆಟರನ್ನು ತಲೆ ಮೇಲಿಂದ ಎಳೆದೆ. ಚಟಚಟ ಸದ್ದು, ಕತ್ತಲಲ್ಲಿ ಸಣ್ಣ ಸಣ್ಣ ಕಿಡಿ. ಅಕ್ಕ ಲೈಟ್ ಹಾಕಿ ನೋಡಿದವಳೇ ಬಿದ್ದು ಬಿದ್ದು ನಕ್ಕಳು. "ಎಂತ ಮಾರಾಯ್ತಿ ಇದು! ಅಜ್ಜನ ಗಡ್ಡದ ಹಾಗೆ ಉಂಟಲ್ಲ!" ಎಕ್ಕದ ಕಾಯಿ ಒಡೆದಾಗ ಗಾಳಿಯಲ್ಲಿ ತೇಲುತ್ತದಲ್ಲ, ಆ ಬಿಳಿ ಕುಚ್ಚು. ಕನ್ನಡಿ ನೋಡಿದರೆ ಅವಳು ಹೇಳಿದ್ದು ಸುಳ್ಳಲ್ಲ. ನನ್ನದು ಮೊದಲೇ ನವಿರು ಕೂದಲು. ಒಂದೊಂದು ಎಳೆಯೂ ಪಕ್ಕದ ಎಳೆಯ ಮೇಲೆ ಮುನಿಸಿಕೊಂಡ ಹಾಗೆ ದೂರ ದೂರ ನಿಂತಿತ್ತು.

ಮುನಿಸು ಅಂದದ್ದು ಸುಮ್ನೆ ಅಲ್ಲ. ಟೋಪಿ, ಸ್ವೆಟರ್, ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿದಾಗ ಕೂದಲಿನಿಂದ ಎಲೆಕ್ಟ್ರಾನ್‌ಗಳು ಅವಕ್ಕೆ ದಾಟುತ್ತವೆ. ಹಾಗೆ ಕಳೆದುಕೊಂಡ ಎಳೆಗಳೆಲ್ಲ ಒಂದೇ ಬಗೆಯ ವಿದ್ಯುತ್ ಹೊತ್ತು ಒಂದನ್ನೊಂದು ತಳ್ಳುತ್ತವೆ. ನಮ್ಮ ಊರಲ್ಲೂ ಉಜ್ಜುತ್ತದೆ, ಆದರೆ ಗಾಳಿಯ ತೇವ ಕೂದಲ ಮೇಲೆ ಕೂತು ಆ ವಿದ್ಯುತ್ ಮೆಲ್ಲಗೆ ಸೋರಿಹೋಗಲು ದಾರಿ ಕೊಡುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಸಮುದ್ರ ಮಟ್ಟದಿಂದ 3,500 ಮೀಟರ್ ಎತ್ತರದ ಲೇಹ್‌ನಲ್ಲಿ 100 ಮಿ.ಮೀ. ಆಸುಪಾಸು. ಇನ್ನು ಸೋರುವುದು ಎಲ್ಲಿಂದ!

ಮಾರನೇ ದಿನ ಸಾಲಾಗಿ ತಪ್ಪು ಮಾಡಿದೆ. ಬಿಸಿನೀರು ಸಿಕ್ಕಿತು ಅಂತ ಶಾಂಪೂ ಹಾಕಿ ತಲೆಸ್ನಾನ ಮಾಡಿದೆ. ಇದ್ದಬದ್ದ ಎಣ್ಣೆ ಜಿಡ್ಡೂ ಹೋಯಿತು. ಆಮೇಲೆ ಹಾರಿದಾಗಲೆಲ್ಲ ಕೈ ಒದ್ದೆ ಮಾಡಿ ಸವರಿದೆ. ಆ ಗಾಳಿಗೆ ಐದು ನಿಮಿಷದಲ್ಲಿ ಒಣಗಿ ಮತ್ತೆ ಅದೇ ಅವತಾರ. ಕಡೆಗೆ ಸಿಟ್ಟು ಬಂದು ಬರಬರ ಬಾಚಿದೆ. ಬಾಚಿದಷ್ಟೂ ಜಾಸ್ತಿಯಾಯಿತು.

ಸಂಜೆ ಎಣ್ಣೆ ಹಚ್ಚೋಣ ಅಂತ ತೆಂಗಿನೆಣ್ಣೆ ಬಾಟಲಿ ತೆಗೆದರೆ ಕಲ್ಲು! 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ ಅನ್ನುವುದು ಗೊತ್ತಿದ್ದ ವಿಷಯವೇ. ಆದರೂ ಸಣ್ಣ ಬಾಯಿಯ ಬಾಟಲಿ ಹಿಡಿದುಕೊಂಡು ಹೋಗಿದ್ದೆ. ಬಿಸಿನೀರಿನ ಲೋಟದಲ್ಲಿ ಇಳಿಸಿಟ್ಟು ಕರಗಿಸಿದೆ. ಕ್ರೀಮ್ ಮುಗಿದಿದ್ದ ಅಗಲ ಬಾಯಿಯ ಡಬ್ಬಿಯೊಂದನ್ನು ತೊಳೆದು ಒರೆಸಿ ಅದಕ್ಕೆ ಸುರಿದೆ. ಆಮೇಲೆ ಗಟ್ಟಿಯಾದರೂ ಚಿಂತೆಯಿಲ್ಲ, ಉಗುರಿನಲ್ಲಿ ಕೆರೆದುಕೊಳ್ಳಬಹುದು.

ಎಷ್ಟು ಹಚ್ಚಬೇಕು ಅನ್ನುವುದೇ ಇದರಲ್ಲಿ ಮುಖ್ಯ. ಹೆಸರುಕಾಳಿನಷ್ಟು ಸಾಕು. ಅಂಗೈಯಲ್ಲಿಟ್ಟು ಎರಡೂ ಕೈ ಉಜ್ಜಿ, ಅದು ಕರಗಿ ಕಾಣದಂತಾದ ಮೇಲೆ ಮೊದಲು ಕೂದಲಿನ ತುದಿಗೆ ಸವರಬೇಕು, ಆಮೇಲೆ ನಡುವಿಗೆ. ಕೈಯಲ್ಲಿ ಉಳಿದ ಪಸೆಯನ್ನು ಕೊನೆಗೆ ನೆತ್ತಿಯ ಮೇಲೆ ಹಗುರವಾಗಿ ಆಡಿಸಿದರೆ ಆಯಿತು. ಬುಡಕ್ಕೆ ಮನೆಯಲ್ಲಿ ಹಚ್ಚುವ ಹಾಗೆ ಹಚ್ಚಿದರೆ ರಸ್ತೆಯ ಧೂಳೆಲ್ಲ ತಲೆಯಲ್ಲೇ. ಅಕ್ಕ ಹಾಗೆ ಮಾಡಿಕೊಂಡು ಮೂರು ದಿನ ಒದ್ದಾಡಿದಳು (ನಗುವ ಸರದಿ ನನ್ನದು).

ಪ್ಲಾಸ್ಟಿಕ್ ಬಾಚಣಿಗೆಯನ್ನು ಬ್ಯಾಗಿನ ತಳಕ್ಕೆ ಸೇರಿಸಿ ಅಕ್ಕನ ಮರದ ಬಾಚಣಿಗೆ ಹಿಡಿದೆ. ಬೆಳಿಗ್ಗೆ ಒಂದೇ ಸಲ ಬಾಚಿ, ಎರಡು ಜಡೆ ಬಿಗಿಯಾಗಿ ಹೆಣೆದು ಬಿಟ್ಟರೆ ರಾತ್ರಿಯವರೆಗೆ ಮುಟ್ಟುತ್ತಿರಲಿಲ್ಲ. ಆದರೂ ಟೋಪಿ ತೆಗೆದಾಗ ಹಣೆಯ ಮೇಲಿನ ಕುರುಳು ಏಳುತ್ತಿತ್ತು. ಚಳಿಗೆ ಟೋಪಿ ಬಿಡುವ ಹಾಗಿಲ್ಲ, ಅಲ್ವಾ? ಹತ್ತಿಯ ಕರವಸ್ತ್ರವನ್ನು ಮೂಲೆಗೆ ಮಡಚಿ ತಲೆಗೆ ಕಟ್ಟಿ, ಅದರ ಮೇಲೆ ಟೋಪಿ ಹಾಕಿದೆ. ನನ್ನ ಮಟ್ಟಿಗೆ ಎಣ್ಣೆಗಿಂತ ಹೆಚ್ಚು ಕೆಲಸ ಮಾಡಿದ್ದು ಈ ಕರವಸ್ತ್ರ. ಗೆಸ್ಟ್‌ಹೌಸಿನ ದಿಂಬಿನ ಮೇಲೂ ಹತ್ತಿಯ ಬೈರಾಸು ಹಾಸಿಕೊಂಡೆ. ಇನ್ನೊಂದು ಬೈರಾಸನ್ನು ಒದ್ದೆ ಮಾಡಿ ಹೀಟರಿನಿಂದ ದೂರದ ಕುರ್ಚಿಗೆ ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ಅದು ಹಪ್ಪಳದ ಹಾಗೆ ಒಣಗಿರುತ್ತಿತ್ತು. ಕೂದಲಿಗೆ ಎಷ್ಟು ಉಪಕಾರವಾಯಿತೋ, ಮೂಗು ಒಣಗಿ ಉರಿಯುವುದಂತೂ ನಿಂತಿತು.

ಸೀರಮ್ ಕೂಡ ಒಯ್ದಿದ್ದೆ. ಕೆಟ್ಟದ್ದೇನಲ್ಲ, ಆದರೆ ಅಷ್ಟು ದುಡ್ಡು ಕೊಟ್ಟದ್ದಕ್ಕೆ ತೆಂಗಿನೆಣ್ಣೆಗಿಂತ ಹೆಚ್ಚೇನೂ ಮಾಡಲಿಲ್ಲ. ಕಂಡೀಷನರ್ ಮಾತ್ರ ಮರೆಯಬಾರದು. ಅದರಲ್ಲಿರುವ ಅಂಶ ಕೂದಲಿಗೆ ಅಂಟಿ ಉಜ್ಜಾಟ ಕಡಿಮೆ ಮಾಡುತ್ತದೆ. ಆರನೇ ದಿನ ಎರಡನೇ ಸಲ ತಲೆಸ್ನಾನ ಮಾಡಿದಾಗ ಕಂಡೀಷನರ್ ಹಾಕಿದೆ, ಪೂರ್ತಿ ಒಣಗುವ ತನಕ ಕೋಣೆಯಲ್ಲೇ ಕೂತೆ. ಕೂದಲು ತೆಪ್ಪಗಿತ್ತು.

ಲೇಹ್ ಪೇಟೆಯ ಬದಿಯಲ್ಲಿ ಒಣ ಏಪ್ರಿಕಾಟ್ ಮಾರುತ್ತಿದ್ದ ಅಜ್ಜಿಗೆ ಎರಡು ಉದ್ದ ಜಡೆ. ಆ ಒಣ ಗಾಳಿಯಲ್ಲೂ ಒಂದೆಳೆ ಅಲುಗುತ್ತಿರಲಿಲ್ಲ. ನನ್ನ ತಲೆ ತೋರಿಸಿ ಕೈಸನ್ನೆಯಲ್ಲೇ ಕೇಳಿದೆ. ನಕ್ಕು ಪಕ್ಕದಲ್ಲಿದ್ದ ಸಣ್ಣ ಬಾಟಲಿ ಎತ್ತಿ ತೋರಿಸಿದರು. ಏಪ್ರಿಕಾಟ್ ಬೀಜದ ಎಣ್ಣೆ. ಅಲ್ಲಿನ ಚಳಿಗೂ ನೀರಿನ ಹಾಗೆ ತೆಳ್ಳಗಿತ್ತು. ಎರಡು ಬಾಟಲಿ ತೆಗೆದುಕೊಂಡೆ.

ವಾಪಸು ಬರುವಾಗ ಅದನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟೆ. ತೆಂಗಿನೆಣ್ಣೆ ಡಬ್ಬಿ ಹೇಗೂ ಗಟ್ಟಿಯಾಗಿದೆಯಲ್ಲ ಅಂತ ಹಾಗೇ ಟೋಪಿಯೊಳಗೆ ತುರುಕಿದ್ದೆ. ಉಡುಪಿ ಮನೆಯಲ್ಲಿ ಬ್ಯಾಗ್ ಬಿಚ್ಚಿದಾಗ ಟೋಪಿ, ಸ್ವೆಟರ್, ಮರದ ಬಾಚಣಿಗೆ ಎಲ್ಲದಕ್ಕೂ ಎಣ್ಣೆ ಸ್ನಾನ ಆಗಿತ್ತು.