ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರದ ಊತ: ಬ್ಯಾಂಡೇಜ್ ನಾನು ಸುತ್ತುವ ಬಗೆ

ನಾನು ಅತಿ ಹೆಚ್ಚು ಬಿಚ್ಚಿಸಿರುವ ಕಟ್ಟು ಯಾವುದೆಂದರೆ ಮಂಡಿಗೆ ಮಾತ್ರ ಬಿಗಿದದ್ದು. ಊದಿರುವುದು ಮಂಡಿ ತಾನೇ ಎಂದು ಅಲ್ಲಷ್ಟೇ ಸುತ್ತುತ್ತಾರೆ. ಆಗ ಮೇಲೇರಬೇಕಾದ ದ್ರವ ಕೆಳಗೇ ನಿಂತು, ಸಂಜೆ ಹೊತ್ತಿಗೆ ಮೀನಖಂಡ, ಪಾದ ಎರಡೂ ದಪ್ಪಗಾಗುತ್ತವೆ. ಸುತ್ತು ಕಾಲ್ಬೆರಳ ಬುಡದಲ್ಲಿ ಶುರುವಾಗಿ ತೊಡೆಯ ಅರ್ಧದವರೆಗೆ ಹೋಗಬೇಕು.

ಬೆಳಿಗ್ಗೆ ರೋಗಿ ಹಾಸಿಗೆಯಿಂದ ಏಳುವ ಮೊದಲೇ ಕಟ್ಟುತ್ತೇನೆ. ಆಗ ಊತ ಕಡಿಮೆ ಇರುತ್ತದೆ. ಪಾದಕ್ಕೆ, ಕಣಕಾಲಿಗೆ 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್; ಅಲ್ಲಿಂದ ಮೇಲಕ್ಕೆ 15 ಸೆಂ.ಮೀ. ಅಗಲದ್ದು ಎರಡು. ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ನಿಲ್ಲಿಸಿ, ಪಾದಕ್ಕೆ ಎರಡು ಸುತ್ತು ಹಾಕಿ, ಕಣಕಾಲಿನಲ್ಲಿ ಎಂಟರ ಆಕಾರದಲ್ಲಿ ತಿರುಗಿಸಬೇಕು. ಹಿಮ್ಮಡಿ ಬಿಟ್ಟುಹೋದರೆ ಆ ಕಿಂಡಿಯಲ್ಲೇ ಊತ ಉಬ್ಬುತ್ತದೆ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಬಟ್ಟೆ ಎಷ್ಟು ಹಿಗ್ಗುತ್ತದೋ ಅದರ ಅರ್ಧದಷ್ಟೇ ಎಳೆಯಿರಿ, ಮೇಲಿನವರೆಗೂ ಅದೇ ಎಳೆತ. ಕಾಲು ಮೇಲೆ ಹೋದಂತೆ ದಪ್ಪವಾಗುವುದರಿಂದ ಒತ್ತಡ ತಾನಾಗಿ ಇಳಿಯುತ್ತದೆ. ತೊಡೆಯಲ್ಲಿ ಜಾರಬಾರದೆಂದು ಬಿಗಿ ಹೆಚ್ಚಿಸಿದರೆ ಈ ಲೆಕ್ಕವೇ ತಲೆಕೆಳಗು.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಗಂಟಿನ ಬಗ್ಗೆ ನನಗೆ ಸದಾ ಎಚ್ಚರ. ಅದನ್ನು ಬಳಸಿ ಹೋಗುವ ನರ ಚರ್ಮಕ್ಕೆ ತೀರಾ ಹತ್ತಿರ. ಒತ್ತಡ ಹೆಚ್ಚಾದರೆ ಪಾದ ಮೇಲೆತ್ತಲು ಆಗದಂತಾಗುತ್ತದೆ. ಅಲ್ಲಿ ಹತ್ತಿಯ ಪದರ ಇಟ್ಟೇ ಸುತ್ತುತ್ತೇನೆ. ಮಂಡಿಯ ಹಿಂದೆ ಮಡಿಕೆ ಬೀಳಬಾರದು, ಚರ್ಮ ಕೊಯ್ಯುತ್ತದೆ. ಕೊನೆಗೆ ಲೋಹದ ಕ್ಲಿಪ್ ಬದಲು ಟೇಪ್ ಅಂಟಿಸುವುದು ಮೇಲು.

ಹತ್ತು ನಿಮಿಷ ಬಿಟ್ಟು ಹೆಬ್ಬೆರಳ ಉಗುರು ಒತ್ತಿ ಬಿಡಿ. ಸುಮಾರು 2 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ನಡೆದಾಡಿದಂತೆ ಕ್ರೇಪ್ ಸಡಿಲಾಗಿ, ಮೇಲಂಚು ಸುರುಳಿಯಾಗಿ ದಾರದಂತೆ ಬಿಗಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಸಲವಾದರೂ ಬಿಚ್ಚಿ, ಚರ್ಮ ನೋಡಿ, ಮತ್ತೆ ಕಟ್ಟಬೇಕು.

ಬಟ್ಟೆ ಒಂದರಿಂದಲೇ ಊತ ಇಳಿಯದು. ಮಲಗಿದಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ. ದಿಂಬು ಹಿಮ್ಮಡಿ, ಮೀನಖಂಡಗಳ ಕೆಳಗೆ ಇರಬೇಕು, ಮಂಡಿಯ ಕೆಳಗಲ್ಲ. ಇಲ್ಲವಾದರೆ ಮಂಡಿ ಮಡಿಚಿದಂತೆಯೇ ಗಟ್ಟಿಯಾಗುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಿ. ಮಂಡಿಚಿಪ್ಪಿನ ನಡುವೆ ಅಳತೆ ಟೇಪಿನಿಂದ ಸುತ್ತಳತೆ ತೆಗೆದು ದಿನವೂ ಅದೇ ಹೊತ್ತಿಗೆ ಬರೆದಿಡಿ. ಕಣ್ಣಳತೆ ಮೋಸ ಮಾಡುತ್ತದೆ.

ಕಾಲಿನ ರಕ್ತನಾಳ ಕಿರಿದಾಗಿರುವವರು, ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು ಶಸ್ತ್ರವೈದ್ಯರನ್ನು ಕೇಳದೆ ಬ್ಯಾಂಡೇಜ್ ಮುಟ್ಟಬಾರದು. ಮೀನಖಂಡದಲ್ಲಿ ಹೊಸದಾಗಿ ನೋವು, ಬಿಸಿ, ಊತ ಕಂಡರೆ ಅದರ ಮೇಲೆ ಬಟ್ಟೆ ಬಿಗಿಯದೆ ಅಂದೇ ವೈದ್ಯರಿಗೆ ತೋರಿಸಿ. ಎದೆನೋವು, ಉಸಿರುಕಟ್ಟುವಿಕೆ ಜೊತೆಗಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.