ಒಂದೇ ರೆಪೋದಲ್ಲಿ ಹಲವು ಪ್ಲಗಿನ್: ವರ್ಷನ್ ನಂಬರ್ ಕೈಯಲ್ಲಿ ಬರೆಯುವುದನ್ನು ಬಿಡಿ

ವರ್ಡ್‌ಪ್ರೆಸ್ ಪ್ಲಗಿನ್ ಒಂದರ ವರ್ಷನ್ ನಂಬರ್ ಎಷ್ಟು ಕಡೆ ಇರುತ್ತದೆ, ಎಣಿಸಿದ್ದೀರಾ? ಮುಖ್ಯ ಪಿಎಚ್‌ಪಿ ಫೈಲಿನ ಹೆಡರ್‌ನಲ್ಲಿ ಒಮ್ಮೆ, ರೀಡ್‌ಮಿ ಫೈಲಿನ ‘ಸ್ಟೇಬಲ್ ಟ್ಯಾಗ್’ ಸಾಲಿನಲ್ಲಿ ಇನ್ನೊಮ್ಮೆ, ಕೋಡ್ ಒಳಗಿನ ಕಾನ್‌ಸ್ಟಂಟ್‌ನಲ್ಲಿ ಮತ್ತೊಮ್ಮೆ, ಆಮೇಲೆ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ಪಟ್ಟಿ. ರೆಪೋದಲ್ಲಿ (ಕೋಡ್ ಇಡುವ ಗಿಟ್ ಸಂಗ್ರಹದಲ್ಲಿ) ಆರು ಪ್ಲಗಿನ್ ಇದ್ದರೆ 24 ಕಡೆ ಆಯಿತು. ನಾನು ಒಮ್ಮೆ ಹೆಡರ್ ಬದಲಿಸಿ, ಎಸ್‌ವಿಎನ್‌ನಲ್ಲಿ (ವರ್ಡ್‌ಪ್ರೆಸ್‌ನ ಪ್ಲಗಿನ್ ಡೈರೆಕ್ಟರಿಗೆ ಕೋಡ್ ಅಪ್‌ಲೋಡ್ ಮಾಡುವ ಜಾಗ) ಹೊಸ ಟ್ಯಾಗ್, ಅಂದರೆ ಆ ವರ್ಷನ್‌ನ ಪ್ರತಿ ಕೂಡ ಹಾಕಿ, ಅಲ್ಲಿನ ಮುಖ್ಯ ಫೋಲ್ಡರ್ ಆದ ಟ್ರಂಕ್‌ನಲ್ಲಿರುವ ರೀಡ್‌ಮಿಯ ಸ್ಟೇಬಲ್ ಟ್ಯಾಗ್ ಮಾತ್ರ ಬದಲಿಸದೆ ಬಿಟ್ಟಿದ್ದೆ. ಯಾವ ಟ್ಯಾಗ್ ಜನರಿಗೆ ಹೋಗಬೇಕು ಅಂತ ಡೈರೆಕ್ಟರಿ ನೋಡುವುದೇ ಆ ಸಾಲನ್ನು. ಹಾಗಾಗಿ ನಾನು ಸರಿ ಮಾಡಿದ ಬಗ್ ಜನರ ಸೈಟ್‌ಗಳಲ್ಲಿ ಹಾಗೇ ಉಳಿಯಿತು. ಇದು ನೆನಪಿಟ್ಟುಕೊಂಡು ಮಾಡುವ ಕೆಲಸವೇ ಅಲ್ಲ, ಮೆಷಿನ್ ಮಾಡಬೇಕಾದದ್ದು.

ಇದಕ್ಕೆ ನಾನು ಬಳಸುವುದು ಗೂಗಲ್‌ನವರ ‘ರಿಲೀಸ್-ಪ್ಲೀಸ್’. ಗಿಟ್‌ಹಬ್‌ನಲ್ಲಿ ಕೆಲಸಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಓಡುತ್ತದೆ. ಮೇನ್ ಬ್ರಾಂಚ್‌ಗೆ ಬಂದ ಕಮಿಟ್‌ಗಳ (ಉಳಿಸಿದ ಬದಲಾವಣೆಗಳ) ಮೆಸೇಜ್‌ಗಳನ್ನು ಓದಿ, ಮುಂದಿನ ನಂಬರ್ ಲೆಕ್ಕ ಹಾಕಿ, ಚೇಂಜ್‌ಲಾಗ್ ಬರೆದು, ಒಂದು ರಿಲೀಸ್ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದಿಡುತ್ತದೆ. ನೀವು ಅದನ್ನು ಮರ್ಜ್ ಮಾಡಿದಾಗಲೇ ರಿಲೀಸ್. ನನಗೆ ಇಷ್ಟವಾಗಿದ್ದೇ ಇದು: ಯಾವಾಗ ಬಿಡಬೇಕು ಅನ್ನುವ ತೀರ್ಮಾನ ನಮ್ಮ ಕೈಯಲ್ಲೇ ಇರುತ್ತದೆ.

ಮೊದಲು ಟೀಮ್‌ನ ಕಮಿಟ್ ಮೆಸೇಜ್ ಸರಿಯಾಗಬೇಕು. ‘ಫಿಕ್ಸ್:’ ಅಂತ ಶುರುವಾದರೆ 1.4.2 ಇದ್ದದ್ದು 1.4.3 ಆಗುತ್ತದೆ, ‘ಫೀಟ್:’ ಆದರೆ 1.5.0, ಕೋಲನ್‌ಗೆ ಮುಂಚೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ 2.0.0. (ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳೇ ಬೇಕು.) ಎಲ್ಲರೂ ಪ್ರತಿ ಕಮಿಟ್‌ನಲ್ಲೂ ಇದನ್ನು ಪಾಲಿಸುತ್ತಾರೆ ಅಂತ ನಂಬಿ ಕೂರಬೇಡಿ. ರೆಪೋ ಸೆಟ್ಟಿಂಗ್ಸ್‌ನಲ್ಲಿ ಸ್ಕ್ವಾಶ್ ಮರ್ಜ್ (ಎಲ್ಲ ಕಮಿಟ್ ಸೇರಿ ಒಂದೇ ಆಗುವುದು) ಮಾತ್ರ ಇಟ್ಟು, ಪುಲ್ ರಿಕ್ವೆಸ್ಟ್ ಟೈಟಲ್ಲೇ ಕಮಿಟ್ ಮೆಸೇಜ್ ಆಗುವಂತೆ ಮಾಡಿ. ಆಗ ರಿವ್ಯೂ ಮಾಡುವವರು ನೋಡಬೇಕಾದದ್ದು ಒಂದೇ ಸಾಲು.

ಆಮೇಲೆ ರೆಪೋದ ಬುಡದಲ್ಲಿ ಎರಡು ಜೇಸನ್ ಫೈಲ್. ಕಾನ್ಫಿಗ್ ಫೈಲಿನಲ್ಲಿ ಪ್ರತಿ ಪ್ಲಗಿನ್‌ನ ಫೋಲ್ಡರ್ ಹೆಸರು, ರಿಲೀಸ್ ಟೈಪ್ ‘ಸಿಂಪಲ್’, ಜೊತೆಗೆ ‘ಎಕ್ಸ್ಟ್ರಾ-ಫೈಲ್ಸ್’ನಲ್ಲಿ ಮುಖ್ಯ ಪಿಎಚ್‌ಪಿ ಫೈಲ್. ಮ್ಯಾನಿಫೆಸ್ಟ್ ಫೈಲಿನಲ್ಲಿ ಪ್ರತಿ ಫೋಲ್ಡರ್‌ನ ಈಗಿನ ವರ್ಷನ್. ಹಳೆಯ ರೆಪೋ ಆಗಿದ್ದರೆ ‘ಬೂಟ್‌ಸ್ಟ್ರ್ಯಾಪ್-ಶಾ’ (ಯಾವ ಕಮಿಟ್‌ನಿಂದ ಈಚೆಗೆ ಓದಬೇಕು ಅನ್ನುವ ಗುರುತು) ಕೂಡ ಕೊಡಿ, ಇಲ್ಲದಿದ್ದರೆ ಮೊದಲ ಚೇಂಜ್‌ಲಾಗ್‌ನಲ್ಲಿ ವರ್ಷಗಟ್ಟಲೆ ಹಿಂದಿನ ಕಮಿಟ್‌ಗಳೆಲ್ಲ ಬಂದು ಕೂರುತ್ತವೆ.

ಜಾಸ್ತಿ ಜನ ಎಡವುವುದು ಹೆಡರ್‌ನಲ್ಲಿ. ಸಾಮಾನ್ಯ ಕೋಡ್ ಸಾಲಿನ ಕೊನೆಗೆ ‘ಎಕ್ಸ್-ರಿಲೀಸ್-ಪ್ಲೀಸ್-ವರ್ಷನ್’ ಅಂತ ಕಾಮೆಂಟ್ ಹಾಕಿದರೆ ಆ ಸಾಲಿನ ನಂಬರ್ ತಾನೇ ಬದಲಾಗುತ್ತದೆ. ಕಾನ್‌ಸ್ಟಂಟ್‌ಗೆ ಅಷ್ಟು ಸಾಕು. ಆದರೆ ಪ್ಲಗಿನ್ ಹೆಡರ್‌ನ ವರ್ಷನ್ ಸಾಲಿನಲ್ಲಿ ಹಾಗೆ ಮಾಡಬೇಡಿ. ವರ್ಡ್‌ಪ್ರೆಸ್ ಆ ಸಾಲಿನಲ್ಲಿ ಕೋಲನ್ ನಂತರ ಇರುವುದನ್ನೆಲ್ಲ ವರ್ಷನ್ ಎಂದೇ ಓದುತ್ತದೆ, ಕಾಮೆಂಟ್ ಕೂಡ ಅದರೊಳಗೆ ಸೇರಿಬಿಡುತ್ತದೆ. ಬದಲಿಗೆ ಅದರ ಮೇಲಿನ ಸಾಲಿನಲ್ಲಿ ‘ಎಕ್ಸ್-ರಿಲೀಸ್-ಪ್ಲೀಸ್-ಸ್ಟಾರ್ಟ್-ವರ್ಷನ್’, ಕೆಳಗಿನ ಸಾಲಿನಲ್ಲಿ ‘ಎಕ್ಸ್-ರಿಲೀಸ್-ಪ್ಲೀಸ್-ಎಂಡ್’ ಹಾಕಿ. ನಂಬರ್ ಮೂರು ಭಾಗದ್ದೇ ಇರಲಿ. ಬರೀ 1.4 ಅಂತಿದ್ದರೆ ಅದು ರಿಲೀಸ್-ಪ್ಲೀಸ್‌ನ ಕಣ್ಣಿಗೇ ಬೀಳುವುದಿಲ್ಲ.

ಸ್ಟೇಬಲ್ ಟ್ಯಾಗ್‌ಗೆ ಗುರುತು ಹಾಕುವ ಗೋಜಿಗೇ ನಾನು ಹೋಗುವುದಿಲ್ಲ. ಜಿಪ್ ಕಟ್ಟುವ ಹಂತದಲ್ಲಿ ಹೆಡರ್‌ನಿಂದ ನಂಬರ್ ಓದಿ ಸೆಡ್‌ನಿಂದ (ಫೈಲಿನ ಪಠ್ಯ ಬದಲಿಸುವ ಕಮಾಂಡ್) ಅಲ್ಲಿಗೆ ಬರೆಯುತ್ತೇನೆ. ಎರಡೂ ಬೇರೆ ಬೇರೆ ಆಗಲು ದಾರಿಯೇ ಇರುವುದಿಲ್ಲ.

ಇನ್ನೊಂದು ಮಾತು. ಯಾವ ಪ್ಲಗಿನ್‌ನ ನಂಬರ್ ಏರಬೇಕು ಅಂತ ತೀರ್ಮಾನ ಆಗುವುದು ಕಮಿಟ್ ಯಾವ ಫೋಲ್ಡರ್ ಮುಟ್ಟಿದೆ ಎಂಬುದರಿಂದ, ಮೆಸೇಜ್‌ನಲ್ಲಿ ಕಂಸದೊಳಗೆ ಬರೆದ ಹೆಸರಿನಿಂದ ಅಲ್ಲ. ಆದ್ದರಿಂದ ಎಲ್ಲ ಪ್ಲಗಿನ್‌ಗಳೂ ಬಳಸುವ ಹಂಚಿಕೆಯ ಫೋಲ್ಡರ್‌ನಲ್ಲಿ ಸೆಕ್ಯುರಿಟಿ ಫಿಕ್ಸ್ ಮಾಡಿದರೆ ಒಂದರ ನಂಬರೂ ಕದಲುವುದಿಲ್ಲ. ಇದು ಅಪಾಯ, ಅಲ್ವಾ? ಆ ಫೋಲ್ಡರನ್ನು ಪ್ರತಿ ಪ್ಲಗಿನ್‌ನ ‘ಅಡಿಷನಲ್-ಪಾತ್ಸ್’ಗೆ ಸೇರಿಸಿ.

ಕೊನೆಗೆ ಅನುಮತಿ. ವರ್ಕ್‌ಫ್ಲೋಗೆ (ಆಕ್ಷನ್ಸ್ ಓಡಿಸುವ ಕೆಲಸಗಳ ಸರಣಿ) ಕಂಟೆಂಟ್ಸ್ ಮತ್ತು ಪುಲ್ ರಿಕ್ವೆಸ್ಟ್ ಎರಡಕ್ಕೂ ರೈಟ್ ಪರ್ಮಿಷನ್ ಬೇಕು, ಸೆಟ್ಟಿಂಗ್ಸ್‌ನಲ್ಲಿ ಆಕ್ಷನ್ಸ್ ಪುಲ್ ರಿಕ್ವೆಸ್ಟ್ ತೆರೆಯಬಹುದು ಅನ್ನುವುದಕ್ಕೂ ಟಿಕ್ ಹಾಕಿರಬೇಕು. ಡೀಫಾಲ್ಟ್ ಟೋಕನ್‌ನಿಂದ (ಆಕ್ಷನ್ಸ್ ತಾನೇ ಕೊಡುವ ಕೀಲಿ) ಆದ ರಿಲೀಸ್ ಬೇರೆ ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಎಲ್ಲ ಹಸಿರು ಟಿಕ್ ಕಾಣುತ್ತದೆ, ಅಪ್‌ಲೋಡ್ ಮಾತ್ರ ಆಗಿರುವುದಿಲ್ಲ. ಅದಕ್ಕೇ ಎಸ್‌ವಿಎನ್ ಅಪ್‌ಲೋಡನ್ನು ಅದೇ ವರ್ಕ್‌ಫ್ಲೋದಲ್ಲಿ ಮುಂದಿನ ಜಾಬ್ ಆಗಿ ಇಡಿ, ‘ಪಾತ್ಸ್_ರಿಲೀಸ್ಡ್’ ಔಟ್‌ಪುಟ್‌ನಲ್ಲಿ ಬಂದ ಫೋಲ್ಡರ್‌ಗಳಿಗೆ ಮಾತ್ರ ಅದು ಓಡಲಿ. ಮೊದಲ ಸಲ ಒಂದೇ ಒಂದು ಚಿಕ್ಕ ಪ್ಲಗಿನ್ ಹಾಕಿ ನೋಡಿ, ಅದು ಜನರ ಡ್ಯಾಶ್‌ಬೋರ್ಡ್‌ನಲ್ಲಿ ಅಪ್‌ಡೇಟ್ ಆಗಿ ಕಂಡ ಮೇಲೆ ಉಳಿದವನ್ನು ಸೇರಿಸಿ.