ಸ್ಟಾರ್ ಫಾಕ್ಸ್ ಝೀರೋ: ಜಗಳ ಹುಟ್ಟಿಸಿದ ಕಂಟ್ರೋಲ್‌ಗಳನ್ನು ನಾನು ಪಳಗಿಸಿಕೊಂಡ ಬಗೆ

2016ರ ಏಪ್ರಿಲ್‌ನಲ್ಲಿ ವೀ ಯು ಕನ್ಸೋಲ್‌ಗೆ ಸ್ಟಾರ್ ಫಾಕ್ಸ್ ಝೀರೋ ಬಂತು. ನಿಂಟೆಂಡೋ ಮತ್ತು ಪ್ಲಾಟಿನಮ್‌ಗೇಮ್ಸ್ ಸೇರಿ ಮಾಡಿದ, ವಿಮಾನ ಹಾರಿಸುತ್ತಾ ಶತ್ರುಗಳಿಗೆ ಗುಂಡು ಹೊಡೆಯುವ ಗೇಮ್. 1997ರ ಸ್ಟಾರ್ ಫಾಕ್ಸ್ 64 ಆಡುತ್ತಾ ಬೆಳೆದ ನನ್ನಂಥವರು ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದೆವು. 2015ರ ನವೆಂಬರ್‌ಗೇ ಬರಬೇಕಿತ್ತು, ಮುಂದಕ್ಕೆ ಹೋಯಿತು. ಕೊನೆಗೆ ಬಂದಾಗ ರಿವ್ಯೂಗಳು ಒಂದೊಂದು ದಿಕ್ಕಿಗೆ ಎಳೆದವು. ಕೆಲವರು ಮನಸಾರೆ ಮೆಚ್ಚಿದರು. ಕೆಲವರು ಸಿಟ್ಟಿನಿಂದಲೇ ಬರೆದರು. ಪಾಲಿಗಾನ್ ಅನ್ನುವ ಗೇಮ್ ವೆಬ್‌ಸೈಟ್‌ನ ವಿಮರ್ಶಕರಂತೂ ಗೇಮ್ ಮುಗಿಸಲೂ ಇಲ್ಲ, ಸ್ಕೋರ್ ಕೊಡಲೂ ಇಲ್ಲ. ಇದು ವಿಮರ್ಶೆ ಅಲ್ಲ ಅಂತ ಹೇಳಿಯೇ ಬರೆದರು. ಎಲ್ಲರ ಸ್ಕೋರ್ ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ಸರಾಸರಿ ನೂರಕ್ಕೆ 69ರ ಆಸುಪಾಸಿಗೆ ಬಂದು ನಿಂತಿತು.

ಅಭಿಮಾನಿಗಳ ನಡುವೆ ಜಗಳ ಶುರುವಾಗಲು ಅಷ್ಟು ಸಾಕಾಯಿತು. "ಕಲಿತರೆ ತಾನಾಗಿ ಬರುತ್ತೆ, ರಿವ್ಯೂ ಬರೆಯುವವರಿಗೆ ತಾಳ್ಮೆ ಇಲ್ಲ" ಅಂತ ಒಂದು ಗುಂಪು. "ಕಂಟ್ರೋಲೇ ಸರಿಯಿಲ್ಲ, ಕಲಿಯೋಕೆ ಏನಿದೆ ಅದರಲ್ಲಿ" ಅಂತ ಇನ್ನೊಂದು ಗುಂಪು. ನನ್ನ ಗೆಳೆಯರಲ್ಲೇ ಎರಡೂ ಕಡೆಯವರಿದ್ದರು. ನಾನು ಎರಡೂ ಕಡೆಯ ಮಾತು ಕೇಳಿಸಿಕೊಂಡೆ. ಆಮೇಲೆ ಕೂತು, ಕಂಟ್ರೋಲ್‌ನ ಒಂದೊಂದು ಭಾಗವನ್ನೂ ಬೇರೆ ಬೇರೆ ಮಾಡಿ ಕಲಿತೆ. ಯಾರು ಯಾವುದಕ್ಕೆ ಸಿಟ್ಟಾಗಿದ್ದಾರೆ ಅಂತ ನನಗೆ ತಿಳಿದದ್ದು ಆಗಲೇ. ಎಲ್ಲರೂ "ಕಂಟ್ರೋಲ್" ಅನ್ನುತ್ತಿದ್ದರು, ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ವಿಷಯ ಇತ್ತು.

ಆಡದವರಿಗಾಗಿ ಸ್ವಲ್ಪ ವಿವರ. ವೀ ಯುನಲ್ಲಿ ಟಿವಿ ಜೊತೆಗೆ ಕೈಯಲ್ಲೊಂದು ಗೇಮ್‌ಪ್ಯಾಡ್ ಇರುತ್ತದೆ. ಅದರ ಮೇಲೆ 6.2 ಇಂಚಿನ ಸ್ಕ್ರೀನ್, ಒಳಗೆ ಅದು ಎತ್ತ ವಾಲಿದೆ ಅಂತ ತಿಳಿಯುವ ಜೈರೋ ಸೆನ್ಸರ್. ಈ ಗೇಮ್‌ನಲ್ಲಿ ಟಿವಿ ಮೇಲೆ ನಿಮ್ಮ ಆರ್‌ವಿಂಗ್ ವಿಮಾನ ಹಿಂದಿನಿಂದ ಕಾಣುತ್ತದೆ. ಗೇಮ್‌ಪ್ಯಾಡ್ ಮೇಲೆ ಕಾಕ್‌ಪಿಟ್ ಒಳಗಿಂದ ಕಾಣುವ ನೋಟ. ಎಡಗಡೆಯ ಸ್ಟಿಕ್‌ನಿಂದ ಹಾರಬೇಕು. ಬಲಗಡೆಯ ಸ್ಟಿಕ್ ಮೇಲಕ್ಕೆ ತಳ್ಳಿದರೆ ವೇಗ, ಕೆಳಕ್ಕೆ ಎಳೆದರೆ ಬ್ರೇಕ್. ಗುರಿ ಇಡುವುದು ಮಾತ್ರ ಗೇಮ್‌ಪ್ಯಾಡನ್ನೇ ಅತ್ತಿತ್ತ ವಾಲಿಸಿ. ಅಂದರೆ ವಿಮಾನ ಒಂದು ಕಡೆ ಹೋಗುತ್ತಿದ್ದರೂ ಗುಂಡು ಇನ್ನೊಂದು ಕಡೆ ಹೊಡೆಯಬಹುದು. ಹಳೆಯ ಸ್ಟಾರ್ ಫಾಕ್ಸ್‌ನಲ್ಲಿ ಇದು ಆಗುತ್ತಿರಲಿಲ್ಲ. ಮೂಗು ಎತ್ತ ತಿರುಗಿದೆಯೋ ಗುಂಡೂ ಅತ್ತಲೇ.

ಹಳೆಯ ಕೈಗಳಿಗೆ ಮೊದಲು ಕಷ್ಟವಾಗುವುದು ಇಲ್ಲೇ. ಟಿವಿ ಮೇಲೂ ಗುರಿಯ ಗುರುತು ಕಾಣುತ್ತದೆ. ಆದರೆ ಅದು ಅಂದಾಜಿನದು. ಕ್ಯಾಮೆರಾ ವಿಮಾನದ ಹಿಂದೆ ಇರುವುದರಿಂದ, ಹತ್ತಿರದ ಶತ್ರುವಿಗೂ ದೂರದ ಶತ್ರುವಿಗೂ ಆ ಗುರುತು ಒಂದೇ ರೀತಿ ಹೊಂದುವುದಿಲ್ಲ. ನಿಖರವಾದ ಗುರಿ ಇರುವುದು ಗೇಮ್‌ಪ್ಯಾಡ್‌ನ ಕಾಕ್‌ಪಿಟ್ ನೋಟದಲ್ಲಿ. ಟಿವಿ ಮಾತ್ರ ನೋಡಿಕೊಂಡು ಆಡಿದವರಿಗೆ "ಸರಿಯಾಗೇ ಹೊಡೆದೆ, ತಾಗಲೇ ಇಲ್ಲ" ಅನ್ನಿಸುವುದು ಸಹಜ. ಅವರ ಕೈ ಕೆಟ್ಟದಿರಲಿಲ್ಲ.

ಜೈರೋ ನನಗೆ ಹೊಸದಾಗಿರಲಿಲ್ಲ. 2015ರಲ್ಲಿ ಬಂದ ಸ್ಪ್ಲಾಟೂನ್ ಗೇಮ್ ಅದನ್ನು ರೂಢಿ ಮಾಡಿಸಿತ್ತು. ಹಾಗಿದ್ದರೂ ಅಲ್ಲಿಯ ರೂಢಿ ಇಲ್ಲಿ ಅರ್ಧವಷ್ಟೇ ಉಪಯೋಗಕ್ಕೆ ಬಂತು. ಸ್ಪ್ಲಾಟೂನ್‌ನಲ್ಲಿ ಗೇಮ್‌ಪ್ಯಾಡ್ ವಾಲಿಸಿದರೆ ಟಿವಿಯಲ್ಲಿ ಕಾಣುವ ಅದೇ ಕ್ಯಾಮೆರಾ ತಿರುಗುತ್ತದೆ. ನೋಡುವುದು, ಗುರಿ ಇಡುವುದು ಎರಡೂ ಒಂದೇ. ಝೀರೋದಲ್ಲಿ ಇವೆರಡೂ ಬೇರೆ ಬೇರೆ. ಇಷ್ಟು ತಿಳಿದ ಮೇಲೆ ನನ್ನ ಅಭ್ಯಾಸಕ್ಕೆ ಒಂದು ದಾರಿ ಸಿಕ್ಕಿತು.

ಮೊದಲು ಸರಿಮಾಡಿದ್ದು ಕೂರುವ ರೀತಿ. ಇದನ್ನು ಯಾವ ರಿವ್ಯೂನಲ್ಲೂ ನಾನು ಓದಿರಲಿಲ್ಲ, ಆದರೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆದದ್ದು ಇದೇ. ಗೇಮ್‌ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡರೆ ಒಂದು ಸ್ಕ್ರೀನ್‌ನಿಂದ ಇನ್ನೊಂದಕ್ಕೆ ಹೋಗಲು ಇಡೀ ತಲೆ ಬಗ್ಗಿಸಬೇಕು. ತಲೆ ಎತ್ತಿ ಇಳಿಸುವಷ್ಟರಲ್ಲಿ ಶತ್ರು ಪಕ್ಕಕ್ಕೆ ಸರಿದಿರುತ್ತಾನೆ. ನಾನು ಮೊಣಕೈಗಳನ್ನು ಕುರ್ಚಿಯ ಕೈಗಳಿಗೆ ಊರಿ, ಗೇಮ್‌ಪ್ಯಾಡನ್ನು ಎದೆಯ ಎತ್ತರಕ್ಕೆ ತಂದೆ. ಅದರ ಮೇಲಂಚು ಟಿವಿಯ ಕೆಳ ಅಂಚಿಗೆ ತುಸು ಕೆಳಗೆ ಕಾಣುವ ಹಾಗೆ ಕೂತೆ. ಆಗ ತಲೆ ಅಲ್ಲಾಡಿಸಬೇಕಿಲ್ಲ, ಕಣ್ಣು ಕೆಳಗಿಳಿಸಿದರೆ ಸಾಕು. ಕಾರು ಓಡಿಸುವಾಗ ರಸ್ತೆ ನೋಡುತ್ತಲೇ ಕನ್ನಡಿ ಕಡೆ ಕಣ್ಣು ಹಾಯಿಸುತ್ತೇವಲ್ಲ, ಅಷ್ಟೇ ಹೊತ್ತಿನ ಕೆಲಸ.

ಮುಂದಿನದು ವೈ ಬಟನ್. ಅದನ್ನು ಒತ್ತಿದರೆ ಆ ಕ್ಷಣದಲ್ಲಿ ಗೇಮ್‌ಪ್ಯಾಡ್ ಹೇಗಿದೆಯೋ ಅದೇ "ನೇರ" ಅಂತ ಆಗುತ್ತದೆ, ಗುರಿ ಮತ್ತೆ ನಡುವಿಗೆ ಬರುತ್ತದೆ. ಆಡುತ್ತಾ ಆಡುತ್ತಾ ಕೈ ನಮಗೇ ಗೊತ್ತಿಲ್ಲದ ಹಾಗೆ ಜರುಗಿರುತ್ತದೆ. ಆಗ ಗುರಿ ಒಂದು ಬದಿಗೆ ಎಳೆದ ಹಾಗೆ ಕಾಣುತ್ತದೆ. ತುಂಬಾ ಜನ ಇದನ್ನು ಸೆನ್ಸರ್ ದೋಷ ಅಂದುಕೊಂಡು ಬೈದರು. ನಾನು ವೈ ಒತ್ತುವುದನ್ನು ಉಸಿರಾಟದ ಹಾಗೆ ಮಾಡಿಕೊಂಡೆ. ಒಂದು ಗುಂಪು ಶತ್ರುಗಳು ಮುಗಿದ ಕೂಡಲೇ ಒಂದು ಸಲ. ಬ್ಯಾರಲ್ ರೋಲ್, ಅಂದರೆ ವಿಮಾನ ಹಾರುತ್ತಲೇ ಒಂದು ಸುತ್ತು ಉರುಳುವುದು, ಆದ ಮೇಲೆ ಒಂದು ಸಲ. ಬಾಸ್, ಅಂದರೆ ದೊಡ್ಡ ಶತ್ರು, ಬರುವ ಮುಂಚೆ ತಪ್ಪದೆ ಒಂದು ಸಲ. ಕೊರ್ನೇರಿಯಾ ಲೆವೆಲ್ ಒಂದನ್ನೇ ಮತ್ತೆ ಮತ್ತೆ ಆಡಿದೆ, ಹೆಬ್ಬೆರಳು ತಾನಾಗೇ ವೈ ಕಡೆ ಹೋಗುವವರೆಗೆ.

ಕೈಯ ಅಳತೆಯೂ ಮುಖ್ಯ. ಗುರಿಯನ್ನೆಲ್ಲಾ ಜೈರೋದಿಂದಲೇ ಇಡಬೇಕು ಅಂತ ಗೇಮ್‌ಪ್ಯಾಡನ್ನು ಅಷ್ಟಗಲ ಬೀಸುವವರನ್ನು ನೋಡಿದ್ದೇನೆ. ಅಷ್ಟು ಬೇಕಿಲ್ಲ. ವಿಮಾನದ ಮೂಗನ್ನು ಸ್ಟಿಕ್‌ನಿಂದ ಶತ್ರುವಿನ ಕಡೆಗೆ ಸುಮಾರಾಗಿ ತಿರುಗಿಸಬೇಕು. ಉಳಿದ ಚೂರುಪಾರನ್ನು ಮಣಿಕಟ್ಟು ನೋಡಿಕೊಳ್ಳುತ್ತದೆ. ದೊಡ್ಡ ತಿರುವಿಗೆ ಸ್ಟಿಕ್, ಸಣ್ಣ ತಿದ್ದುಪಡಿಗೆ ಜೈರೋ. ಇದು ಕೈಗೆ ಕೂತ ಮೇಲೆ, ಬರೀ ಸ್ಟಿಕ್‌ನಿಂದ ಎಂದೂ ಸಿಗದಷ್ಟು ಚುರುಕು ಸಿಕ್ಕಿತು. ಸಾಲಾಗಿ ಹಾರಿ ಬರುವ ನಾಲ್ಕೈದು ಶತ್ರುಗಳನ್ನು, ವಿಮಾನವನ್ನು ನೇರವಾಗೇ ಇಟ್ಟುಕೊಂಡು, ಮಣಿಕಟ್ಟಿನ ಒಂದೇ ಎಳೆತದಲ್ಲಿ ಒರೆಸಿಹಾಕುವ ಖುಷಿ ಇದೆಯಲ್ಲ, ಅದನ್ನು 64ರಲ್ಲಿ ನಾನು ಕಂಡಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಆಯ್ಕೆ ಇದೆ. ಝೆಡ್‌ಆರ್ ಬಟನ್ ಒತ್ತಿದಾಗ ಮಾತ್ರ ಜೈರೋ ಕೆಲಸ ಮಾಡುವ ಹಾಗೆ ಇಡಬಹುದು. ಕೈ ನಡುಗುವ ಹಾಗೆ ಗುರಿ ಸದಾ ಅಲ್ಲಾಡುವುದು ಇಷ್ಟವಿಲ್ಲದವರಿಗೆ ಇದು ದೊಡ್ಡ ನೆಮ್ಮದಿ. ನನ್ನ ಗೆಳೆಯರಿಗೆ ನಾನು ಮೊದಲು ತೋರಿಸುವುದೇ ಇದನ್ನು. ಹಾಗೇ ಮೈನಸ್ ಬಟನ್. ಅದನ್ನು ಒತ್ತಿದರೆ ಎರಡು ಸ್ಕ್ರೀನ್‌ಗಳ ನೋಟ ಅದಲುಬದಲಾಗುತ್ತದೆ. ಕಾಕ್‌ಪಿಟ್ ಟಿವಿಗೆ ಬರುತ್ತದೆ, ಹೊರಗಿನ ನೋಟ ಕೈಗೆ. ದಾರಿ ಹಿಡಿದು ಮುಂದಕ್ಕೆ ಹೋಗುವ ಲೆವೆಲ್‌ಗಳಲ್ಲಿ ನಾನು ಹೊರಗಿನ ನೋಟವನ್ನೇ ಟಿವಿಯಲ್ಲಿ ಇಡುತ್ತೇನೆ. ಅಡೆತಡೆ ತಪ್ಪಿಸಲು ವಿಮಾನದ ರೆಕ್ಕೆ ಕಾಣಬೇಕು. ಬಾಸ್‌ನ ಸಣ್ಣ ಜಾಗಕ್ಕೇ ಹೊಡೆಯಬೇಕಾದಾಗ ಮೈನಸ್ ಒತ್ತಿ ಕಾಕ್‌ಪಿಟ್ಟನ್ನು ಟಿವಿಗೆ ತರುತ್ತೇನೆ. ಆಗ ಕೆಳಗೆ ನೋಡುವ ಕೆಲಸವೇ ಇಲ್ಲ.

ಇಷ್ಟೆಲ್ಲಾ ಆದರೂ ಒಂದು ಪ್ರಶ್ನೆ ಉಳಿದಿತ್ತು. ಕಷ್ಟ ಇರುವುದು ಜೈರೋದಲ್ಲೋ, ಎರಡು ಸ್ಕ್ರೀನ್‌ನಲ್ಲೋ? ಅದಕ್ಕೆ ಉತ್ತರ ಸಿಕ್ಕಿದ್ದು ಇಬ್ಬರು ಆಡುವ ಮೋಡ್‌ನಲ್ಲಿ. ಅದರಲ್ಲಿ ಒಬ್ಬರು ವಿಮಾನ ಹಾರಿಸುತ್ತಾರೆ, ಇನ್ನೊಬ್ಬರು ಗೇಮ್‌ಪ್ಯಾಡ್ ಹಿಡಿದು ಗುಂಡು ಹೊಡೆಯುತ್ತಾರೆ. ನಾನು ಸ್ಕ್ರೀನ್ ಇಲ್ಲದ ಪ್ರೊ ಕಂಟ್ರೋಲರ್ ತೆಗೆದುಕೊಂಡೆ. ಗೇಮ್‌ಪ್ಯಾಡನ್ನು ತಂಗಿಗೆ ಕೊಟ್ಟೆ. ಅವಳು ಸ್ಟಾರ್ ಫಾಕ್ಸ್ ಅನ್ನೇ ಮುಟ್ಟಿದವಳಲ್ಲ. ಕೊರ್ನೇರಿಯಾದಲ್ಲಿ ಜೇಡದಂಥ ರೋಬೋಗಳು ಗೋಪುರ ಹತ್ತಲು ಶುರುಮಾಡಿದವು.

"ಅಣ್ಣಾ, ಎಡಕ್ಕೆ ತಿರುಗಿಸು, ಗೋಪುರದ ಹಿಂದೆ ಒಂದು ಹತ್ತುತ್ತಾ ಇದೆ."

"ನನಗೆ ಕಾಣ್ತಾನೇ ಇಲ್ಲ ಕಣೇ."

"ನನಗೆ ಕಾಣ್ತಿದೆ. ನೀನು ತಿರುಗಿಸು ಅಷ್ಟೇ, ಉಳಿದಿದ್ದು ನಾನು ನೋಡ್ಕೋತೀನಿ."

ಅವಳು ನೋಡಿಕೊಂಡಳು. ಅದೇ ಲೆವೆಲ್‌ನಲ್ಲಿ, ಯಾರೂ ಏನೂ ಹೇಳಿಕೊಡದೆ, ಗುರಿ ತಪ್ಪದ ಹಾಗೆ ಹೊಡೆದಳು. ಆಮೇಲೆ ಕೈ ಬದಲಾಯಿಸಿದೆವು. ಬರೀ ಹಾರಿಸುವುದೂ ಅವಳಿಗೆ ಸಲೀಸಾಗಿತ್ತು. ಎರಡನ್ನೂ ಒಬ್ಬಳೇ ಮಾಡಲು ಕೂತಾಗ ಮಾತ್ರ ವಿಮಾನ ಹೋಗಿ ಕಟ್ಟಡಕ್ಕೆ ಗುದ್ದಿತು. ನನಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ. ಗುರಿ ಇಡುವುದು ಸುಲಭ. ಹಾರುವುದೂ ಸುಲಭ. ಎರಡಕ್ಕೂ ಬೇರೆ ಬೇರೆ ನೋಟ ಇಟ್ಟುಕೊಂಡು ಒಂದೇ ತಲೆಯಲ್ಲಿ ನಡೆಸುವುದು ಕಷ್ಟ. ಹೊಸಬರಿಗೆ ಈ ಗೇಮ್ ಕಲಿಸಬೇಕಾದರೆ ನಾನೀಗ ಇದೇ ಕ್ರಮ ಹಿಡಿಯುತ್ತೇನೆ. ಮೊದಲು ಅವರಿಗೆ ಗೇಮ್‌ಪ್ಯಾಡ್ ಕೊಟ್ಟು ಗುಂಡು ಮಾತ್ರ, ಆಮೇಲೆ ಹಾರಾಟ ಮಾತ್ರ, ಕೊನೆಗೆ ಎರಡೂ.

ಈ ಕಣ್ಣಿನಿಂದ ರಿವ್ಯೂಗಳನ್ನು ಮತ್ತೆ ಓದಿದೆ. ಸ್ಕೋರ್ ಬಿಟ್ಟು, ಬರೆದವರು ಎಲ್ಲಿ ಎಡವಿದರು ಅಂತ ಹುಡುಕಿದೆ. ಹಲವರ ದೂರು ಜೈರೋದ ಬಗ್ಗೆ ಇರಲೇ ಇಲ್ಲ, ಕಣ್ಣು ಹಂಚಿಹೋಗುವುದರ ಬಗ್ಗೆ ಇತ್ತು. ಅದು ನ್ಯಾಯವಾದ ದೂರು. ಅಭಿಮಾನಿಗಳು "ಜೈರೋ ಕಲಿಯಿರಿ" ಅಂತ ಉತ್ತರ ಕೊಟ್ಟರೆ ಅದಕ್ಕೆ ಅರ್ಥವಿಲ್ಲ. ಇನ್ನು ಕೆಲವರು ನೇರವಾಗಿ ಜೈರೋವನ್ನೇ ಬೈದಿದ್ದರು. ಅವರ ಬರಹದಲ್ಲಿ ಗುರಿಯನ್ನು ನಡುವಿಗೆ ತರುವ ಬಗ್ಗೆಯಾಗಲಿ, ಸೆಟ್ಟಿಂಗ್ಸ್ ಬಗ್ಗೆಯಾಗಲಿ ಮಾತೇ ಇರಲಿಲ್ಲ. ಅಂಥ ಕಡೆ ಅಭಿಮಾನಿಗಳ ಬೇಸರ ನನಗೆ ಅರ್ಥವಾಗುತ್ತದೆ. ರಿವ್ಯೂ ಬರೆಯುವವರಿಗೆ ದಿನಗಳ ಗಡುವು ಇರುತ್ತದೆ. ಕಥೆ ಒಂದು ಸಲ ಮುಗಿಯುವಷ್ಟು ಹೊತ್ತು ಆಡಿ ಬರೆಯುತ್ತಾರೆ. ಈ ಗೇಮ್ ಕಟ್ಟಿರುವುದು ಒಂದೇ ಲೆವೆಲ್‌ಗೆ ಮರಳಿ ಬಂದು ಬೇರೆ ದಾರಿ, ಬಾಕಿ ಪದಕ ಹುಡುಕುವವರಿಗಾಗಿ. ಇವೆರಡೂ ಹೊಂದಿಕೊಳ್ಳುವುದು ಕಷ್ಟ ಅಲ್ವಾ. ಅದಕ್ಕೆ ವಿಮರ್ಶಕರನ್ನು ಸೋಮಾರಿಗಳು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಕೆಲವು ಗಂಟೆಯಲ್ಲಿ ಕೈಗೆ ಏನಾಗುತ್ತದೆ ಅನ್ನುವುದನ್ನು ಅವರು ಪ್ರಾಮಾಣಿಕವಾಗಿ ಹೇಳಿದರು. ಗೇಮ್ ಕೊಳ್ಳುವವನಿಗೆ ಅದೂ ಬೇಕಾದ ಮಾಹಿತಿಯೇ.

ಅಭ್ಯಾಸದಿಂದಲೂ ಸರಿಹೋಗದ ಎರಡು ವಿಷಯ ಇವೆ, ಅವನ್ನು ನಾನು ಸಮರ್ಥಿಸುವುದಿಲ್ಲ. ಝೆಡ್‌ಎಲ್ ಬಟನ್ ಹಿಡಿದರೆ ಟಿವಿ ಕ್ಯಾಮೆರಾ ಶತ್ರುವಿನ ಮೇಲೆ ನೆಡುತ್ತದೆ. ನೋಡಲು ಸಿನಿಮಾ ಹಾಗಿರುತ್ತದೆ. ಆದರೆ ನಿಮ್ಮ ವಿಮಾನ ಯಾವ ಕಡೆ ಹೊರಟಿದೆ, ಮುಂದೆ ಏನಿದೆ ಅನ್ನುವುದು ಟಿವಿಯಲ್ಲಿ ತಿಳಿಯುವುದಿಲ್ಲ. ನೀವಾಗಿ ಒತ್ತಿದರೆ ಪರವಾಗಿಲ್ಲ, ಶತ್ರು ಎಲ್ಲಿದ್ದಾನೆ ಅಂತ ನೋಡಿ ಬಿಟ್ಟುಬಿಡಬಹುದು. ನಾನು ಹಾಗೇ ಬಳಸುತ್ತೇನೆ. ಕೆಲವು ಕಡೆ ಗೇಮ್ ತಾನೇ ಕ್ಯಾಮೆರಾ ಕಿತ್ತುಕೊಳ್ಳುತ್ತದೆ. ಅಲ್ಲಿ ಆಡುವವನ ಕೈಯಿಂದ ವಿಮಾನವನ್ನೇ ಕಸಿದ ಹಾಗಾಗುತ್ತದೆ.

ಎರಡನೆಯದು ಝೋನೆಸ್ ಲೆವೆಲ್‌ನ ಜೈರೋವಿಂಗ್. ಹೆಲಿಕಾಪ್ಟರ್ ತರಹದ ನಿಧಾನದ ವಾಹನ. ಸರ್ಚ್‌ಲೈಟ್ ತಪ್ಪಿಸಿಕೊಂಡು, ತಂತಿಯಲ್ಲಿ ಡೈರೆಕ್ಟ್-ಐ ಅನ್ನುವ ಪುಟ್ಟ ರೋಬೋ ಇಳಿಸಬೇಕು. ವೇಗವೇ ಜೀವಾಳವಾದ ಗೇಮ್‌ನಲ್ಲಿ ಇದು ರಸ್ತೆ ನಡುವಿನ ಹೊಂಡದ ಹಾಗೆ. ಇಲ್ಲಿ ಕಲಿಯುವುದಕ್ಕೆ ಏನೂ ಇಲ್ಲ, ಕಾಯುವುದೇ ಇರುವುದು.

ಈ ತರಹದ ಜಗಳ ನಿಂಟೆಂಡೋ ಗೇಮ್‌ಗಳಿಗೆ ಹೊಸದಲ್ಲ. 2012ರ ಕಿಡ್ ಇಕಾರಸ್: ಅಪ್‌ರೈಸಿಂಗ್‌ನಲ್ಲಿ ಸ್ಟೈಲಸ್‌ನಿಂದ ಗುರಿ ಇಡುವುದಕ್ಕೆ ಕೈ ನೋಯುತ್ತದೆ ಅಂತ ದೂರಿತ್ತು. ಆ ಗೇಮ್ ಜೊತೆಗೆ ಕನ್ಸೋಲ್ ಇಡಲು ಸ್ಟ್ಯಾಂಡನ್ನೇ ಕೊಟ್ಟಿದ್ದರು. 2011ರ ಸ್ಕೈವರ್ಡ್ ಸ್ವೋರ್ಡ್‌ನಲ್ಲಿ ಕತ್ತಿ ಬೀಸಬೇಕಾದರೆ ಕೈಯನ್ನೇ ಬೀಸಬೇಕಿತ್ತು. 2021ರಲ್ಲಿ ಎಚ್‌ಡಿ ಆವೃತ್ತಿ ಬಂದಾಗ ಬಟನ್ ಮತ್ತು ಸ್ಟಿಕ್‌ನಿಂದಲೂ ಆಡುವ ಆಯ್ಕೆ ಸೇರಿಸಿದರು. ಸ್ಟಾರ್ ಫಾಕ್ಸ್ 64ರ 2011ರ 3ಡಿಎಸ್ (ಕೈಯಲ್ಲಿ ಹಿಡಿದು ಆಡುವ ಕನ್ಸೋಲ್) ಆವೃತ್ತಿಯಲ್ಲೂ ಜೈರೋ ಬೇಕಾದವರಿಗೆ ಮಾತ್ರ ಇತ್ತು. ಝೀರೋದಲ್ಲಿ ಜೈರೋವನ್ನು ಪೂರ್ತಿ ಬಿಟ್ಟು ಆಡುವ ಆಯ್ಕೆ ಇಲ್ಲ. ಅದೊಂದು ಇದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಾನಂತೂ ಆ ಆಯ್ಕೆ ಇದ್ದರೂ ಜೈರೋವನ್ನೇ ಹಿಡಿಯುತ್ತಿದ್ದೆ.

ಈಗ ಯಾರಾದರೂ "ಅದರ ಕಂಟ್ರೋಲ್ ಚೆನ್ನಾಗಿಲ್ಲ" ಅಂದರೆ ನಾನು ಸ್ಕೋರ್ ಬಗ್ಗೆ ವಾದಕ್ಕೆ ಇಳಿಯುವುದಿಲ್ಲ. ಯಾವ ಲೆವೆಲ್‌ನಲ್ಲಿ, ಯಾವ ಸ್ಕ್ರೀನ್ ನೋಡುತ್ತಾ, ಝೆಡ್‌ಆರ್ ಆಯ್ಕೆ ಹೇಗಿಟ್ಟು ಆಡಿದೆ ಅಂತ ಕೇಳುತ್ತೇನೆ. ಒಬ್ಬ ಗೆಳೆಯನಿಗೆ ಕೂರುವ ರೀತಿ ಮತ್ತು ವೈ ಬಟನ್ ತೋರಿಸಿದೆ, ಅವನು ಆ ವಾರಾಂತ್ಯವೆಲ್ಲಾ ಬಿಡದೆ ಆಡಿದ. ಇನ್ನೊಬ್ಬನಿಗೂ ಅದನ್ನೇ ತೋರಿಸಿದೆ. ಅವನು ಚೆನ್ನಾಗಿಯೇ ಆಡಿದ, ಕೊನೆಗೆ ಗೇಮ್‌ಪ್ಯಾಡ್ ಕೆಳಗಿಟ್ಟು, "ಗುರಿ ಎಲ್ಲಾ ಚೆನ್ನಾಗಿದೆ ಮಾರಾಯ, ನನಗೆ ಒಂದೇ ಕಡೆ ನೋಡ್ಕೊಂಡು ಆಡೋದು ಇಷ್ಟ" ಅಂದ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಬೇಕೂ ಇರಲಿಲ್ಲ. ಅವನಿಗೆ 64 ಹಾಕಿಕೊಟ್ಟೆ.